ಜೋಳದ ಚೀಲದಲ್ಲಿದ್ದ ಪರದೇಶದ ಬಾಟಲಿ

ಸಿಟ್ಟಿನಲ್ಲಿ ಎರಡು ಬಗೆ. ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದಾದದ್ದು ಒಂದು, ಹೇಳಿಕೊಳ್ಳಲಾಗದ್ದು ಇನ್ನೊಂದು. ಮೊದಲನೆಯದು ಆರೋಗ್ಯಕ್ಕೆ ಒಳ್ಳೆಯದು. ಬೈಲಹೊಂಗಲದ ನಿಲ್ದಾಣದಲ್ಲಿ ಸವದತ್ತಿ ಬಸ್ಸು ಕಣ್ಣೆದುರೇ ಹೊರಟುಹೋದರೆ ಪಕ್ಕದವರ ಮುಂದೆ ಐದು ನಿಮಿಷ ಕೂಗಾಡಿ, ಒಂದು ಚಹಾ ಕುಡಿದು ಹಗುರಾಗಬಹುದು. ಎರಡನೆಯದು ಹೊಟ್ಟೆಯೊಳಗೇ ಕೂತು ಕುದಿಯುತ್ತದೆ. ನಾನು ಮೂರು ವಾರದಿಂದ ಹೀಗೆ ಕುದಿಯುತ್ತಿದ್ದೇನೆ. ನನಗೆ ಅನ್ಯಾಯವಾಗಿದೆ, ಘೋರ ಅನ್ಯಾಯ. ಆದರೆ ದೂರು ಹೇಳಲು ಹೋದರೆ ಮೊದಲು ನನ್ನನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಅದಕ್ಕೇ ನಿಮ್ಮ ಮುಂದೆ ಹೇಳುತ್ತಿದ್ದೇನೆ. ನಮ್ಮ ಓಣಿಯವರಿಗೆ ಮಾತ್ರ ತಿಳಿಸಬೇಡಿ.

ನನ್ನದು ಬೈಲಹೊಂಗಲದಲ್ಲಿ ಬೀಜ-ಗೊಬ್ಬರದ ಅಂಗಡಿ. ಹಣೆಗೆ ವಿಭೂತಿ ಹಚ್ಚಿಕೊಂಡು ಗಲ್ಲಾದ ಮೇಲೆ ಕೂತರೆ ನನ್ನಷ್ಟು ಸಂಭಾವಿತ ಪೇಟೆಯಲ್ಲಿ ಇನ್ನೊಬ್ಬನಿಲ್ಲ. ವರ್ಷಕ್ಕೆ ಎರಡೋ ಮೂರೋ ಸಲ ಒಂದಿಬ್ಬರು ನಂಬಿಕೆಯ ಗೆಳೆಯರ ಜೊತೆ ಕಿತ್ತೂರಿನ ಕಡೆಯ ಢಾಬಾವೊಂದಕ್ಕೆ ಹೋಗಿ, ನಮ್ಮ ಗಿರಾಕಿಗಳ ಕಣ್ಣಿಗೆ ಬೀಳದಂತೆ ಗೋಡೆಗೆ ಮುಖಮಾಡಿ ಕೂತು ಬಿಯರ್ ಕುಡಿಯುತ್ತಿದ್ದೆ. ಕುಡಿಯುತ್ತಿದ್ದೆ ಎನ್ನುವುದೂ ತಪ್ಪು. ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿನ ಆ ನೀರನ್ನು, ಅದು ಬಿಸಿಯಾಗುವ ಮೊದಲು, ಪರಿಚಯದವರು ಬರುವ ಮೊದಲು, ಬಾಯಿ ಸುಡುವ ಮಿರ್ಚಿ ಭಜಿಯ ಹಿಂದೆ ಗಟಗಟ ಇಳಿಸುತ್ತಿದ್ದೆ. ಅದಕ್ಕೊಂದು ರುಚಿ ಇರಬಹುದೆಂಬ ಅನುಮಾನವೂ ನನಗೆ ಬಂದಿರಲಿಲ್ಲ. ಇಪ್ಪತ್ತು ವರ್ಷ ನನ್ನನ್ನು ಹೀಗೆ ಕತ್ತಲಲ್ಲಿಟ್ಟವರ ಮೇಲೆ ನನಗೆ ಈಗಲೂ ಸಿಟ್ಟಿದೆ.

ಕಣ್ಣು ತೆರೆಸಿದವನು ನನ್ನ ಷಡ್ಡಕ. ಹೆಂಡತಿಯ ತಂಗಿಯ ಗಂಡ. ಬೆಳಗಾವಿಯ ಒಂದು ಫೌಂಡ್ರಿಯಲ್ಲಿ ನೌಕರಿ. ಯಾವುದೋ ಯಂತ್ರದ ಕೆಲಸಕ್ಕೆ ಅವನನ್ನು ಎರಡು ವಾರ ಬೆಲ್ಜಿಯಂಗೆ ಕಳಿಸಿದ್ದರು. ಬರುವಾಗ ನಾಲ್ಕು ಬಾಟಲಿ ಬಿಯರ್ ತಂದು ನನ್ನ ಕೈಗಿಟ್ಟು, ಇದನ್ನು ಅಲ್ಲಿಯ ಮಠದ ಸ್ವಾಮಿಗಳೇ ಮಾಡುತ್ತಾರೆ ಎಂದ. ನನಗೆ ಕೆಂಡದಂಥ ಸಿಟ್ಟು ಬಂತು. ಮಠದಲ್ಲಿ ಮಾಡುವ ಕೆಲಸವೇ ಇದು ಎಂದು ರೇಗಿದೆ. ಅವನು ಸಮಾಧಾನವಾಗಿ, ಅವರು ಹೆಚ್ಚು ಮಾತನಾಡುವವರಲ್ಲ, ಪ್ರಾರ್ಥನೆ ಮಾಡುತ್ತಾರೆ, ಯಾರ ಮುಂದೂ ಕೈಚಾಚದೆ ತಾವೇ ದುಡಿದು ಉಣ್ಣುತ್ತಾರೆ, ಇದು ಅವರ ಕಾಯಕ ಎಂದ. ಕಾಯಕ ಎಂದ ಮೇಲೆ ನಮ್ಮ ಕಡೆಯವನು ಏನು ಮಾತಾಡುವುದು, ಬಾಯಿ ಮುಚ್ಚಿದೆ. ಅವನು ಮಾತ್ರ ಮುಚ್ಚಲಿಲ್ಲ. ಮಂಜುಗಡ್ಡೆಯಂತೆ ತಣ್ಣಗೆ ಮಾಡಬಾರದು, ತಂಪಾದ ಕತ್ತಲ ಜಾಗದಲ್ಲಿಡಬೇಕು, ಅಗಲ ಬಾಯಿಯ ಗ್ಲಾಸಿಗೆ ಬಗ್ಗಿಸಬೇಕು, ತಳದ ಗಸಿಯನ್ನು ಕದಡಬಾರದು, ಒಂದೊಂದೇ ಗುಟುಕು ಬಾಯಲ್ಲಿ ಹಿಡಿಯಬೇಕು. ಹಾಗೆ ಹಿಡಿದರೆ ಮೊದಲು ಕಹಿ, ಆಮೇಲೆ ಸುಟ್ಟ ಬೆಲ್ಲ, ಎಲ್ಲಕ್ಕಿಂತ ಕಡೆಗೆ ಲವಂಗ ಸಿಗುತ್ತದೆಯಂತೆ.

ಅಂಥ ಗ್ಲಾಸು ನಮ್ಮ ಪೇಟೆಯಲ್ಲಿ ಎಲ್ಲಿ ಸಿಗಬೇಕು? ನಮ್ಮ ಮದುವೆಯಲ್ಲಿ ಉಡುಗೊರೆಯಾಗಿ ಬಂದಿದ್ದ ಐಸ್‌ಕ್ರೀಮ್ ಬಟ್ಟಲೊಂದನ್ನು ಹೊರತೆಗೆದೆ. ಭಾನುವಾರ ಮಧ್ಯಾಹ್ನ ಅವ್ವ ಮಲಗಿದ ಮೇಲೆ ಅಟ್ಟದ ಕೋಣೆಯಲ್ಲಿ, ಹಳೆಯ ಬೀಜದ ಪೊಟ್ಟಣಗಳ ನಡುವೆ ಕೂತು ಮೊದಲ ಬಾಟಲಿ ತೆರೆದೆ. ಏನು ಹೇಳಲಿ, ಅದು ನಾನು ಕಂಡ ಬಿಯರೇ ಅಲ್ಲ. ಬಣ್ಣ ಕಾಕಂಬಿಯದು, ನೊರೆ ಆಗತಾನೆ ಕರೆದ ಎಮ್ಮೆ ಹಾಲಿನದು. ಮೊದಲ ಗುಟುಕಿಗೆ ಕಹಿ ಸಿಕ್ಕಿತು, ಎರಡನೆಯದಕ್ಕೆ ಬೆಲ್ಲವೂ ಸಿಕ್ಕಿತು. ಸುಖದಿಂದ ಕಣ್ಣು ತಾವಾಗಿಯೇ ಮುಚ್ಚಿದವು. ಆದರೆ ಇಪ್ಪತ್ತು ವರ್ಷದ ಗಟಗಟ ಚಟ ಎಲ್ಲಿ ಬಿಡುತ್ತದೆ, ಕಣ್ಣು ಬಿಟ್ಟಾಗ ಬಟ್ಟಲು ಬರಿದಾಗಿತ್ತು. ಎರಡನೇ ಭಾನುವಾರವೂ ಅದೇ ಕಥೆ, ಮೂರನೆಯದೂ ಅದೇ. ಲವಂಗ ಸಿಗಲೇ ಇಲ್ಲ. ಈ ನಡುವೆ ನಾನು ಢಾಬಾದ ಗೆಳೆಯರಿಗೆ ಕುಡಿಯುವ ಸಂಸ್ಕಾರದ ಮೇಲೆ ಭಾಷಣ ಮಾಡಿ ಅವರ ಸ್ನೇಹವನ್ನೂ ಅರ್ಧ ಕಳೆದುಕೊಂಡೆ. ಉಳಿದದ್ದು ಒಂದೇ ಬಾಟಲಿ. ಎಲ್ಲಕ್ಕಿಂತ ದೊಡ್ಡದು, ಬಾಯಿಗೆ ಬಿರಡೆ ಹಾಕಿ ತಂತಿ ಬಿಗಿದದ್ದು. ಮುಂಗಾರಿ ಬೀಜದ ಗದ್ದಲ ಮುಗಿಯಲಿ, ಒಂದಿಡೀ ಮಧ್ಯಾಹ್ನ ಕೂತು ಲವಂಗವನ್ನು ಹುಡುಕಿಯೇ ತೀರುತ್ತೇನೆ ಎಂದು ಹಟ ತೊಟ್ಟೆ.

ಅಲ್ಲಿಯವರೆಗೆ ಅದನ್ನು ಇಡುವುದೆಲ್ಲಿ? ಹೆಂಡತಿ ಮೊದಲೇ ಹೇಳಿಬಿಟ್ಟಿದ್ದಳು: "ಅತ್ತಿ ಕೇಳಿದ್ರ ನಾ ಸುಳ್ಳ ಹೇಳಾಂಗಿಲ್ರಿ. ನೀವಾತು, ನಿಮ್ಮ ಬಾಟ್ಲಿ ಆತು." ತಂಪು, ಕತ್ತಲು ಎರಡೂ ಇದ್ದ ಜಾಗವೆಂದರೆ ಜೋಳದ ಚೀಲ. ಅದರ ನಡುವೆ ಹುಗಿದಿಟ್ಟೆ. ಗಿರಣಿಗೆ ಜೋಳ ಅಳೆದುಕೊಡುವವಳು ಅವ್ವ ಎಂಬುದು ಐವತ್ತು ವರ್ಷ ಅದೇ ಮನೆಯ ರೊಟ್ಟಿ ತಿಂದ ನನಗೆ ಹೊಳೆಯಲಿಲ್ಲ. ಒಂದು ಬೆಳಿಗ್ಗೆ ಅವಳು ಬಾಟಲಿಯನ್ನು ಸೆರಗಿನಿಂದ ಒರೆಸುತ್ತ ಬಂದಳು. ಅದರ ಚೀಟಿಯ ಮೇಲೆ ಬೋಳುತಲೆಯ, ಗಡ್ಡದ, ನಿಲುವಂಗಿ ತೊಟ್ಟ ಮಹಾನುಭಾವರೊಬ್ಬರು ಕೈಮುಗಿದು ನಿಂತಿದ್ದರು.

"ಇವರ್ಯಾರಪಾ? ಸ್ವಾಮಿಗೋಳು ಕಂಡಂಗ ಕಾಣತಾರಲ್ಲ" ಎಂದಳು.

ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ಬಂದು ನಿಂತಳು. ಅವಳೆದುರು ಸುಳ್ಳು ಹೇಳುವಂತಿರಲಿಲ್ಲ. "ಹೌದವಾ, ಸ್ವಾಮಿಗೋಳ. ಅವರ ಮಠದಾಗ ಕೈಯಾರೆ ಮಾಡಿದ್ದು" ಎಂದೆ. ಏನು ಹಾಕಿರುತ್ತಾರೆ ಎಂದು ಅವ್ವ ಕೇಳಿದಳು. ಷಡ್ಡಕ ಹೇಳಿದ್ದನ್ನೇ ನೆನೆದು ಬಾರ್ಲಿ, ಹವೀಜ ಅಂದರೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಎಂದೆ. ಹಾಗಾದರೆ ಕಷಾಯ ಎಂದಳು. ಕುದಿಸಿಯೇ ಮಾಡುತ್ತಾರೆ ಎಂದೆ. ನೋಡಿ, ಒಂದಕ್ಷರ ಸುಳ್ಳಿಲ್ಲ. ಅವ್ವ ಬಾಟಲಿಯನ್ನು ಕಣ್ಣಿಗೊತ್ತಿಕೊಂಡು ದೇವರ ಕೋಣೆಯಲ್ಲಿಟ್ಟಳು. ನನಗೆ ಒಳಗೊಳಗೇ ಖುಷಿಯಾಯಿತು. ಆ ಕೋಣೆಗೆ ಕಿಟಕಿಯಿಲ್ಲ, ಕಲ್ಲಿನ ನೆಲ, ಮನೆಯಲ್ಲೆಲ್ಲ ಅದೇ ತಂಪು. ಮೇಲಾಗಿ ಯಾರೂ ಮುಟ್ಟುವುದಿಲ್ಲ.

ಮುಂದಿನ ಸೋಮವಾರ ಅಂಗಡಿಯ ಕೆಲಸಕ್ಕೆ ಸವದತ್ತಿಗೆ ಹೋಗಿ ಸಂಜೆ ಬಂದೆ. ಪಡಸಾಲೆಯ ತುಂಬ ಭಜನೆಯ ಹೆಣ್ಣುಮಕ್ಕಳು, ಎಲ್ಲರೂ ಅವ್ವನ ಓರಗೆಯವರು. ನಡುವೆ ಬಾಟಲಿ ನಿಂತಿತ್ತು. ಸ್ವಾಮಿಗಳ ಹಣೆಗೆ ಮೂರು ಬೆರಳಿನ ವಿಭೂತಿ ಹಚ್ಚಿದ್ದರು. ಒಳಗೆ ಹನಿಯೂ ಉಳಿದಿರಲಿಲ್ಲ.

ನಡೆದದ್ದನ್ನು ಅವ್ವನೇ ಸಂಭ್ರಮದಿಂದ ಹೇಳಿದಳು. ಔಷಧಿಯೆಂದ ಮೇಲೆ ಅಲುಗಾಡಿಸಬೇಕಲ್ಲ, ಚೆನ್ನಾಗಿ ಅಲುಗಾಡಿಸಿದಳಂತೆ. ತಂತಿ ಬಿಚ್ಚಿದ ಕೂಡಲೇ ಬಿರಡೆ ಢಬ್ ಎಂದು ತೊಲೆಗೆ ಬಡಿಯಿತಂತೆ. ನೊರೆ ಉಕ್ಕಿತಂತೆ, ಎಲ್ಲರೂ ಕೈಮುಗಿದರಂತೆ. ಉಕ್ಕಿದ್ದನ್ನೆಲ್ಲ ತಂಬಿಗೆಯಲ್ಲಿ ಹಿಡಿದು, ಗಸಿಯ ಸಮೇತ ಕಲಕಿ, ಮೊಣಕಾಲು ನೋವಿದ್ದವರಿಗೆಲ್ಲ ಅಂಗೈಗೆ ಒಂದೊಂದು ಚಮಚೆಯಂತೆ ಹಂಚಿದ್ದಳು. ಆ ಓಣಿಯಲ್ಲಿ ಅರವತ್ತು ದಾಟಿದವರಲ್ಲಿ ಮೊಣಕಾಲು ನೋವಿಲ್ಲದವರು ಯಾರು?

"ನನ್ನನ್ನ ಒಂದ ಮಾತ ಕೇಳಬೇಕಿಲ್ಲೇನವಾ?" ಎಂದೆ.

"ಮಠದ್ದು ಒಬ್ಬರ ಉಣಬಾರದಪಾ. ಹಂಚಿ ಉಣಬೇಕು. ಅಷ್ಟೂ ಗೊತ್ತಿಲ್ಲೇನ ನಿನಗ?"

ನಾನು ಹೆಂಡತಿಯ ಕಡೆ ನೋಡಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅಷ್ಟರಲ್ಲಿ ಎದುರುಮನೆಯ ಗುರವ್ವ, ಎಂಬತ್ತರ ಮುದುಕಿ, ಬೊಚ್ಚುಬಾಯಿ ಚಪ್ಪರಿಸುತ್ತ ನನ್ನನ್ನು ಕರೆದು, "ಛಲೋ ಐತಿ ತಮ್ಮಾ. ಮೊದಲ ಕಹಿ, ಹಿಂದ ಸುಟ್ಟ ಬೆಲ್ಲ. ಕಡೀಕ ನೋಡು, ಲವಂಗ" ಎಂದಳು.

ಮೂರು ಬಾಟಲಿ ಕುಡಿದ ನನಗೆ, ಭಾಷಣ ಮಾಡಿದ ನನಗೆ, ಕಣ್ಣು ಮುಚ್ಚಿ ಕೂತ ನನಗೆ ಸಿಗದ ಲವಂಗ, ಹಲ್ಲಿಲ್ಲದ ಮುದುಕಿಗೆ ಒಂದು ಚಮಚೆಯಲ್ಲಿ ಸಿಕ್ಕಿತ್ತು. ಅದೂ ಕದಡಿದ ಗಸಿಯಲ್ಲಿ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಕಂಡಿಲ್ಲ.

ಅವ್ವ ನನ್ನ ಪಾಲು ತೆಗೆದಿಟ್ಟಿದ್ದಳು. ಕೈ ತೊಳೆದು ಬಾ ಎಂದಳು. ತೊಳೆದು ಬಂದು ಅಂಗೈ ಚಾಚಿದೆ. ತಂಬಿಗೆಯ ತಳದಿಂದ ಒಂದು ಚಮಚೆ ಬಿತ್ತು. ಇಷ್ಟು ಹೆಣ್ಣುಮಕ್ಕಳ ಎದುರು ಗಟಗಟ ಕುಡಿಯುವುದು ಹೇಗೆ, ಅಲ್ಲಿ ಇದ್ದದ್ದಾದರೂ ಎಷ್ಟು? ನಾಲಿಗೆಯ ಮೇಲೆ ಹಿಡಿದುಕೊಂಡು ನಿಂತೆ. ಕಹಿ ಬಂದು ಹೋಯಿತು. ಬೆಲ್ಲ ಬಂದು ಹೋಯಿತು. ಆಮೇಲೆ, ಇನ್ನೇನೂ ಇಲ್ಲ ಎನ್ನುವ ಹೊತ್ತಿಗೆ, ಮೆಲ್ಲಗೆ ಲವಂಗ ಬಂತು. ನನಗರಿವಿಲ್ಲದೆ ಅಂಗೈ ಮತ್ತೆ ಮುಂದೆ ಹೋಯಿತು.

ಅವ್ವ ತಂಬಿಗೆಯನ್ನು ಹಿಂದಕ್ಕೆ ಸರಿಸಿದಳು. "ಒಂದ ಚಮಚೆ ಸಾಕಪಾ. ಇಂಥಾದ್ದನ್ನ ಮತ್ತ ಮತ್ತ ಕೇಳಬಾರದು, ಚಟಾ ಬೀಳತೈತಿ."

ಈಗ ದಿನ ಬಿಟ್ಟು ದಿನ ಷಡ್ಡಕನಿಗೆ ಫೋನ್ ಮಾಡಿ, ಬೆಲ್ಜಿಯಂಗೆ ಮತ್ತೆ ಯಾವಾಗ ಹೋಗುತ್ತೀ ಎಂದು ವಿಚಾರಿಸುತ್ತಿದ್ದೇನೆ. ಇಷ್ಟು ಅವಸರ ಯಾರಿಗೆ ಎಂದು ಅವನು ಕೇಳಿದರೆ, ಅವ್ವನ ಮೊಣಕಾಲಿಗೆ ಎನ್ನುತ್ತೇನೆ. ಈ ಇಡೀ ಪ್ರಕರಣದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.