ದೋಸ್ತಿಯನ್ನು ತಡೆಯಲು ಮರುಭೂಮಿಗೆ ಹೋದದ್ದು

ಸೌದಿಯಲ್ಲಿ ದುಡಿಯುವವನಿಗೆ ನಗುವ ಸಂಗತಿಗಳಿಗೆ ಬರವಿಲ್ಲ, ವಾರಕ್ಕೊಂದಾದರೂ ತಾನಾಗಿ ನಡೆದು ಬರುತ್ತದೆ. ಬರ ಇರುವುದು ಎದುರಿಗೆ ಕೂತು ಒಟ್ಟಿಗೆ ನಗುವವರಿಗೆ.

ನನಗೆ ಅಂಥ ದೋಸ್ತಿ ಒಬ್ಬನೇ ಇದ್ದ. ನಾನು ಅಲ್ ಖರ್ಜಿನ ಹಾಲಿನ ಡೈರಿಯೊಂದರಲ್ಲಿ ಎಲೆಕ್ಟ್ರಿಷಿಯನ್, ಕಾಪು ಕಡೆಯವ. ಅವನು ಅದೇ ಊರಿನ ಟಯರ್ ಅಂಗಡಿಯಲ್ಲಿದ್ದ ಉಳ್ಳಾಲದ ಕಡೆಯ ಬ್ಯಾರಿ. ಹನ್ನೊಂದು ವರ್ಷ ಪ್ರತಿ ಶುಕ್ರವಾರ ನನ್ನ ಊಟ ಅವನ ಕೋಣೆಯಲ್ಲಿ. ಎರಡು ಸಾವಿರದ ಹದಿನಾಲ್ಕೋ ಹದಿನೈದೋ ಇರಬೇಕು, ಒಂದು ಶುಕ್ರವಾರ ಸಾರು ಬಡಿಸುತ್ತಾ ಹೇಳಿದ: "ಫೈನಲ್ ಎಕ್ಸಿಟ್ ಹಾಕ್ತೇನೆ ಮಾರಾಯ. ಸಾಕು." ಅಂದರೆ ವೀಸಾ ಮುಗಿಸಿ, ಮತ್ತೆ ಬರದ ಹಾಗೆ ಊರಿಗೆ. ಅವತ್ತು ಸಾರಿಗೆ ಉಪ್ಪಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ.

ಅರ್ಜಿ ಮುಂದಿನ ವಾರ ಕೊಡುವುದಿತ್ತು. ನಾನು ಉಪಾಯ ಹೂಡಿದೆ. "ಹೋಗುವ ಮೊದಲು ಈ ದೇಶವನ್ನು ಒಮ್ಮೆಯಾದರೂ ನೋಡು. ರೂಮು, ಅಂಗಡಿ ಬಿಟ್ಟು ಎಂತ ನೋಡಿದ್ದಿ?" ಎಂದೆ. ಅವನ ಕಫೀಲ್, ಅಂದರೆ ಅಂಗಡಿಯ ಧಣಿ, ತನ್ನ ಹಳೆಯ ಫೋರ್‌ವೀಲ್ ಜೀಪು ಕೊಟ್ಟ. ಚಳಿಗಾಲ, ಮೂರು ದಿನ ರಜೆ, ದಕ್ಷಿಣದ ಕಡೆ ಕಾಡುಪ್ರಾಣಿಗಳಿಗೆಂದು ಬಿಟ್ಟ ಮರುಭೂಮಿಯ ಎರಡು ಪಾರ್ಕು. ಮೂರು ದಿನದಲ್ಲಿ ಅವನ ಮನಸ್ಸು ತಿರುಗಿಸಬೇಕೆಂದು ನನ್ನ ಲೆಕ್ಕ.

೧. ಗಾಳಿ

ಡಾಂಬರು ಮುಗಿದು ಮರಳು ಶುರುವಾಗುವಲ್ಲಿ ಟಯರಿನ ಗಾಳಿ ಅರ್ಧ ಬಿಡಬೇಕು. ಟಯರ್ ಚಪ್ಪಟೆಯಾದರೆ ಮರಳಿನ ಮೇಲೆ ತೇಲುತ್ತದೆ. ಇದನ್ನು ಅವನೇ ಸಾವಿರ ಗಿರಾಕಿಗಳಿಗೆ ಹೇಳಿದವನು. ಆದರೆ ಈಗ ಟಯರಿನ ಮುಂದೆ ಕೂತ, ಒಂದು ಸಲ 'ಫುಸ್' ಅನಿಸಿದ, ತಟ್ಟನೆ ಕೈ ತೆಗೆದ.

"ಇನ್ನೂ ಬಿಡು."

"ಕೈ ಬರುದಿಲ್ಲ ಮಾರಾಯ. ಹನ್ನೊಂದು ವರ್ಷ ತುಂಬಿಸಿದ ಕೈ ಇದು."

ಅರ್ಧ ಕಿಲೋಮೀಟರ್ ಹೋಗುವಷ್ಟರಲ್ಲಿ ಜೀಪು ಹೊಟ್ಟೆಯವರೆಗೆ ಹೂತಿತು. ನಾನು ಊಟದ ತಟ್ಟೆಯಿಂದ, ಅವನು ಬಾಣಲೆಯಿಂದ ಒಂದು ಗಂಟೆ ಮರಳು ತೋಡಿದೆವು. ಆಗ ಪಿಕಪ್ಪಿನಲ್ಲಿ ಮರುಭೂಮಿಯ ಅಲೆಮಾರಿ ಬದು ಪಂಗಡದ ಒಬ್ಬ ಮುದುಕ ಬಂದ. ಸಲಾಂ ಹೇಳಿದ, ಒಂದು ಕಡ್ಡಿ ಹೆಕ್ಕಿದ, ನಾಲ್ಕೂ ಟಯರಿನ ಬಾಯಿಗೆ ಚುಚ್ಚಿ ಗಾಳಿ ಬಿಟ್ಟ. ನನ್ನ ದೋಸ್ತಿ ಆ ಕಡೆ ಮುಖ ತಿರುಗಿಸಿಕೊಂಡು ನಿಂತಿದ್ದ. ಮುದುಕ ಜೀಪು ಹತ್ತಿ ಒಂದೇ ಉಸಿರಿಗೆ ಮೇಲೆ ತಂದು ಇಳಿದು ಕೇಳಿದ:

"ನಿನಗೆ ಇಲ್ಲಿ ಏನು ಕೆಲಸ?"

ದೋಸ್ತಿ ನನ್ನ ಮುಖ ನೋಡಿದ, ಕೈಯಲ್ಲಿದ್ದ ಬಾಣಲೆ ನೋಡಿದ. "ಅಡುಗೆಯವ" ಎಂದ.

೨. ಎದೆಯೊಳಗಿನ ದಾಖಲೆ

ಮೊದಲ ಪಾರ್ಕಿನ ಗೇಟಿನಲ್ಲಿ ಯೂನಿಫಾರ್ಮಿನ ಕಾವಲುಗಾರ ನಮ್ಮನ್ನು ನೋಡಿ ಕೈಯೆತ್ತಿದ. ಯೂನಿಫಾರ್ಮ್ ಕಂಡರೆ ನನ್ನ ದೋಸ್ತಿಯ ಕೈ ತಾನಾಗಿಯೇ ಚೀಲಕ್ಕೆ ಹೋಗುತ್ತದೆ. ಇಕಾಮಾ, ಅಂದರೆ ವಾಸದ ಪರವಾನಗಿ ಕಾರ್ಡು, ಕೊಟ್ಟ. ಲೈಸೆನ್ಸ್ ಕೊಟ್ಟ. ಗಾಡಿಯ ಕಾಗದ, ಇನ್ಶೂರೆನ್ಸ್, ಪಾರ್ಕಿನ ಪರವಾನಗಿ, ಕಫೀಲ್ ಬರೆದುಕೊಟ್ಟ ಪತ್ರ ಎಲ್ಲ ಕೊಟ್ಟ. ಕಾವಲುಗಾರ ಇನ್ನೂ ಸುಮ್ಮನೆ ನಿಂತದ್ದು ಕಂಡು, ಹನ್ನೊಂದು ವರ್ಷದ ಹಿಂದೆ ವೀಸಾದ ಮೆಡಿಕಲಿಗೆಂದು ಮಂಗಳೂರಿನಲ್ಲಿ ತೆಗೆಸಿದ ಎದೆಯ ಎಕ್ಸ್‌ರೇಯನ್ನೂ ಕೊಟ್ಟ.

ಕಾವಲುಗಾರ ಅದನ್ನು ಸೂರ್ಯನಿಗೆ ಹಿಡಿದು ನೋಡಿ, "ಮಾಶಾ ಅಲ್ಲಾಹ್, ಚೆನ್ನಾಗಿದೆ" ಎಂದ. ಆಮೇಲೆ, "ಗಾವಾ ಕುಡಿದು ಹೋಗಿ ಅಂತ ಕೈಯೆತ್ತಿದ್ದು" ಎಂದ. ಏಲಕ್ಕಿ ಹಾಕಿದ ಅರಬ್ಬಿ ಕಾಫಿ ಬಗ್ಗಿಸಿ, ಖರ್ಜೂರವನ್ನೂ ಮುಂದಿಟ್ಟ.

ಹೊರಗೆ ಬಂದ ಮೇಲೆ ದೋಸ್ತಿ ಉಸಿರು ಬಿಟ್ಟು ಹೇಳಿದ: "ಊರಿಗೆ ಹೋದ್ರೆ ಯಾರಿಗೂ ಎಂತದೂ ತೋರಿಸ್ಲಿಕ್ಕಿಲ್ಲ ನೋಡು."

ಸಿಕ್ಕಿತು ನನಗೆ ಅವಕಾಶ. "ಊರಲ್ಲಿ ಈಗ ಆಧಾರ್ ಅಂತ ಒಂದು ಬಂದಿದೆ, ಗೊತ್ತುಂಟಾ? ಕಣ್ಣನ್ನೂ ತೋರಿಸ್ಬೇಕು."

ಅವನು ಎಕ್ಸ್‌ರೇಯನ್ನು ಜೋಪಾನವಾಗಿ ಮತ್ತೆ ಚೀಲಕ್ಕೆ ಹಾಕಿಕೊಂಡ.

೩. ಆಡು

ಆ ಪಾರ್ಕಿನಲ್ಲಿ ಇರುವುದು ಕಾಡುಮೇಕೆ. ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿದ ಕೊಂಬು, ಕಡಿದಾದ ಬಂಡೆಯ ಮೇಲೆ ವಾಸ. ಎರಡು ಗಂಟೆ ಕಲ್ಲಿನ ಮೇಲೆ ಬೋರಲು ಮಲಗಿ ಕಾದ ಮೇಲೆ ಒಂದು ಬಂತು. ನಿಂತಿತು. ನಮ್ಮನ್ನು ನೋಡಿತು. ನಿಜಕ್ಕೂ ರಾಜನಂತಿತ್ತು. "ಇಂಥದ್ದು ಊರಲ್ಲಿ ಉಂಟಾ?" ಎಂದು ನಾನು ಪಿಸುಗುಟ್ಟಿದೆ. ಅವನು ಫೋಟೋ ತೆಗೆದ. ಸಿಗ್ನಲ್ ಸಿಗುವ ಗುಡ್ಡ ಹುಡುಕಿ ಮನೆಗೆ ವಾಟ್ಸಾಪ್ ಮಾಡಿದ.

ಹೆಂಡತಿಯ ಉತ್ತರ ಬಂತು: "ಚಂದ ಉಂಟು. ಎಷ್ಟು ಕೆ.ಜಿ. ಬೀಳಬಹುದು?"

ಹಿಂದೆಯೇ ಏಳನೇ ಕ್ಲಾಸಿನ ಮಗಳ ದನಿಯ ಮೆಸೇಜು: "ಉಪ್ಪಾ, ಆಡು ಸಾಕು. ನಿಮ್ಮ ಫೋಟೋ ಕಳಿಸಿ."

ಅವನು ಜೀಪಿನ ಕನ್ನಡಿಯಲ್ಲಿ ಹತ್ತು ನಿಮಿಷ ತಲೆ ಬಾಚಿದ. ಗಡ್ಡದ ಮರಳು ಕೊಡವಿದ. ಅಂಗಿಯ ಗುಂಡಿ ಹಾಕಿದ. ನನ್ನಿಂದ ಆರು ಫೋಟೋ ತೆಗೆಸಿ ಒಂದನ್ನು ಆರಿಸಿ ಕಳಿಸಿದ. ಮಗಳ ದನಿಯಲ್ಲೇ ಉತ್ತರ ಬಂತು: "ಆಡೇ ಚಂದ ಇತ್ತು."

ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವನು ಆ ಮೂರು ಮಾತನ್ನು ಕಿವಿಗೆ ಹಿಡಿದು ಮತ್ತೆ ಮತ್ತೆ ಕೇಳುತ್ತಾ ಕೂತ. ನನಗೂ ಊರಲ್ಲಿ ಮಗನಿದ್ದಾನೆ. ಅವನ ದನಿ ಯಾವಾಗ ಒಡೆಯಿತೋ ನನಗೆ ಗೊತ್ತಿಲ್ಲ, ಒಂದು ದಿನ ಫೋನಿನಲ್ಲಿ ಬೇರೆ ಯಾರೋ ಗಂಡಸು ಮಾತಾಡಿದ ಹಾಗಾಗಿತ್ತು. ಆ ಸಂಜೆ ನಾನು ದೋಸ್ತಿಗೆ ಬುದ್ಧಿ ಹೇಳಲು ಹೋಗಲಿಲ್ಲ.

೪. ಕಣಿ

ಎರಡನೇ ಪಾರ್ಕಿನಲ್ಲಿ ಟೆಂಟ್ ಹಾಕಿದ ಕೂಡಲೇ ಅವನು ಸುತ್ತ ಕಣಿ, ಅಂದರೆ ಚರಂಡಿ, ತೋಡಲು ಶುರು ಮಾಡಿದ. ನಾನೂ ಕೈಜೋಡಿಸಿದೆ. ಕರಾವಳಿಯವರು ತಾನೆ, ತಲೆಯ ಮೇಲೆ ಮಾಡು ಅಂತ ಒಂದು ಎದ್ದ ಮೇಲೆ ನೀರು ಹೋಗಲು ದಾರಿ ಬೇಡವೇ? ಆಕಾಶದಲ್ಲಿ ಹತ್ತಿಯಷ್ಟೂ ಮೋಡವಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಗಸ್ತಿನ ಕಾವಲುಗಾರ ದೂರದಿಂದ ನಮ್ಮ ತೋಡುವಿಕೆ ನೋಡಿ ಗಾಡಿ ಓಡಿಸಿಕೊಂಡು ಬಂದ. ಇಳಿದವನೇ ಕಣಿ ನೋಡಿದ, ನಮ್ಮಿಬ್ಬರನ್ನು ನೋಡಿದ, ಮೆಲ್ಲಗೆ ಕೇಳಿದ:

"ಟೆಂಟಿನೊಳಗೆ ಸತ್ತವರು ಯಾರು?"

೫. ಭಾಷಣ

ಕೊನೆಯ ಬೆಳಗ್ಗೆ. ಬೆಳಗಿನ ನಮಾಜು ಮುಗಿಸಿ ದೋಸ್ತಿ ಮತ್ತೆ ಮಲಗಿದ್ದ. ನನಗೆ ಉಳಿದದ್ದು ವಾಪಸು ಹೋಗುವ ದಾರಿ ಮಾತ್ರ. ಜೀಪಿನಲ್ಲಿ ಎಲ್ಲ ಒಂದೇ ಸಲ ಹೇಳಿಬಿಡಬೇಕೆಂದು ನಿಶ್ಚಯಿಸಿ, ಮರಳು ದಿಬ್ಬದ ಆಚೆ ಹೋಗಿ ಅಭ್ಯಾಸ ಮಾಡಿದೆ. ಪಾಯಿಂಟ್ ಒಂದು, ಊರಲ್ಲಿ ಕೆಲಸ ಎಲ್ಲುಂಟು. ಪಾಯಿಂಟ್ ಎರಡು, ಎರಡೇ ವರ್ಷ ತಡೆ. ಪಾಯಿಂಟ್ ಮೂರು, ಶುಕ್ರವಾರ. ಮೂರನೆಯದಕ್ಕೆ ಬಂದಾಗ ಮಾತು ತಪ್ಪಿತು. ಎರಡು ಸಲ ಮೊದಲಿಂದ ಶುರು ಮಾಡಿದೆ. ಮೂರನೇ ಸಲ ಹದಿನೇಳನೇ ಪಾಯಿಂಟಿನವರೆಗೂ ಮುಟ್ಟಿ ಅತ್ತೇಬಿಟ್ಟೆ. ನೋಡುವವರಿಲ್ಲವಲ್ಲ ಎಂದು ಚೆನ್ನಾಗಿಯೇ ಅತ್ತೆ.

ಮುಖ ತೊಳೆದು ಬಂದಾಗ ದೋಸ್ತಿ ಎದ್ದು ಚಾ ಕಾಸುತ್ತಿದ್ದ. ಲೋಟ ಕೊಟ್ಟು ಹೇಳಿದ:

"ಒಂದೂ ಎರಡೂ ನನ್ನ ಬಗ್ಗೆ. ಮೂರರಿಂದ ಹದಿನೇಳರವರೆಗೆ ಪೂರಾ ನಿನ್ನ ಊಟದ ಬಗ್ಗೆಯೇ ಅಲ್ವಾ ಮಾರಾಯ?"

ಗಾಳಿಯಿಲ್ಲದ ಬೆಳಗ್ಗೆ ಮರುಭೂಮಿಯಲ್ಲಿ ಮಾತು ಎಷ್ಟು ದೂರ ಕೇಳುತ್ತದೆಂದು ನನಗೆ ಯಾರೂ ಹೇಳಿರಲಿಲ್ಲ.

"ಎಲ್ಲ ಕೇಳಿತಾ?"

"ಅತ್ತದ್ದೂ. ಅಷ್ಟು ಪಾಯಿಂಟ್ ಎಂತಕ್ಕೆ? ಹೋಗ್ಬೇಡ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ?"

"ಹೋಗ್ಬೇಡ" ಎಂದೆ.

"ಹೋಗ್ತೇನೆ" ಎಂದ. ಆಮೇಲೆ ಸ್ವಲ್ಪ ಹೊತ್ತು ಒಲೆಯ ಬೆಂಕಿ ಸರಿ ಮಾಡಿದ. "ಆದ್ರೆ ಹೇಳಿದ್ದು ಒಳ್ಳೆದಾಯ್ತು. ಇಷ್ಟು ವರ್ಷದಲ್ಲಿ ಈ ದೇಶದಲ್ಲಿ ನನ್ನತ್ರ ಯಾರೂ ಹೋಗ್ಬೇಡ ಅಂತ ಹೇಳ್ಲಿಲ್ಲ ಮಾರಾಯ."

ಚಾ ತಣ್ಣಗಾಯಿತು. ಕೊನೆಗೆ ಅವನೇ ಎದ್ದು ಐಸ್ ಪೆಟ್ಟಿಗೆಯಿಂದ ಮೀನು ತೆಗೆದು ನನ್ನ ಮುಂದಿಟ್ಟ. "ಇವತ್ತು ಸಾರು ನೀನು ಮಾಡು. ಕಲಿತರೆ ನಿನ್ನ ಹದಿನೈದು ಪಾಯಿಂಟೂ ಮುಗೀತು." ಹನ್ನೊಂದು ವರ್ಷ ತಿಂದಿದ್ದೆನೇ ಹೊರತು ಸೌಟು ಹಿಡಿದವನಲ್ಲ. ಅವನು ಬಾಯಿ ಬಿಡದೆ ಪಕ್ಕದಲ್ಲಿ ಕೂತು ನೋಡಿದ. ಹುಳಿ ಎಷ್ಟೆಂದು ಕೇಳಿದರೆ ಆಕಾಶ ನೋಡಿದ. ಅಂತೂ ಇಂತೂ ಕೆಂಪಗೆ ಏನೋ ಒಂದು ಕುದಿಯಿತು.

ಒಂದು ತುತ್ತು ಬಾಯಿಗಿಟ್ಟು ಅವನು ಬಹಳ ಹೊತ್ತು ಮರಳನ್ನೇ ನೋಡಿದ. ಕಣ್ಣಲ್ಲಿ ನೀರು. ನುಂಗಿದ ಮೇಲೆ ಹೇಳಿದ:

"ನಿನ್ನನ್ನು ಬಿಟ್ಟು ಹೋಗ್ಲಿಕ್ಕೆ ಮನಸ್ಸಲ್ಲಿ ಸಣ್ಣ ಬೇಜಾರ್ ಇತ್ತು ಮಾರಾಯ. ಈಗ ಅದೂ ಹೋಯ್ತು."

ಹಾಗೆ ಹೇಳಿ, ತಟ್ಟೆ ಮುಂದೆ ಹಿಡಿದು ಇನ್ನೆರಡು ಸೌಟು ಹಾಕಿಸಿಕೊಂಡ.