ಒಂಬತ್ತನೇ ಡ್ರಾ

ಮದುವೆಯಾದ ಇಪ್ಪತ್ತೆರಡು ವರ್ಷಗಳಲ್ಲಿ ಹೆಂಡತಿಯೊಡನೆ ಒಂದು ಜಗಳವನ್ನೂ ನಾನು ಗೆದ್ದಿಲ್ಲ. ಇದನ್ನು ಎಲ್ಲರೂ ನಂಬುತ್ತಾರೆ. ಒಂದನ್ನೂ ಸೋತಿಲ್ಲ ಎಂದರೆ ಮಾತ್ರ ಹುಬ್ಬೇರಿಸುತ್ತಾರೆ. ಎರಡೂ ನಿಜ. ಮಾತು ಬಿಸಿಯೇರುವ ಹೊತ್ತಿಗೆ ಸರಿಯಾಗಿ ನಾನು ‘ನೋಡೋಣ’ ಎನ್ನುತ್ತೇನೆ. ಅಲ್ಲಿಗೆ ಆಟ ಮುಗಿಯುತ್ತದೆ. ಈ ಕಲೆಯ ಗುರುತುಗಳು ನಮ್ಮ ಮನೆಯ ತುಂಬ ಇವೆ. ಅವಳಿಗೆ ಹಸಿರು ಪರದೆ ಬೇಕಿತ್ತು, ನನಗೆ ನೀಲಿ. ಈಗ ಒಂದು ಕಿಟಕಿ ಹಸಿರು, ಒಂದು ನೀಲಿ. ಟಿವಿ ಹಾಲಿನಲ್ಲೋ ಕೋಣೆಯಲ್ಲೋ ಎಂಬ ವಾದದಲ್ಲಿ ಅದು ಎರಡರ ನಡುವಿನ ಪ್ಯಾಸೇಜಿನಲ್ಲಿ ನಿಂತಿತು, ಹಾಗಾಗಿ ನೋಡುವವರೂ ನಿಂತೇ ನೋಡುತ್ತೇವೆ. ಒಂದು ಬೇಸಿಗೆಯಲ್ಲಿ ಅವಳು ಊಟಿಗೆ ಹೋಗೋಣವೆಂದಳು, ನಾನು ಮನೆಯಲ್ಲಿರೋಣವೆಂದೆ. ಮೇಟ್ಟುಪಾಳಯದವರೆಗೆ ಹೋಗಿ, ಇಡ್ಲಿ ತಿಂದು, ಬೆಟ್ಟವನ್ನು ಕೆಳಗಿನಿಂದ ನೋಡಿಕೊಂಡು ಬಂದೆವು. ಕೊಯಮತ್ತೂರಿನ ಗಣಪತಿ ಎಂಬ ಬಡಾವಣೆಯಲ್ಲಿರುವ ನಮ್ಮ ಪಂಪ್ ಕಾರ್ಖಾನೆಯ ವಿನ್ಯಾಸ ವಿಭಾಗದಲ್ಲೂ ನನ್ನ ರೀತಿ ಇದೇ. ಇಬ್ಬರು ಎಂಜಿನಿಯರುಗಳು ಎರಡು ಅಳತೆ ಹೇಳಿದರೆ ನಾನು ಸರಾಸರಿಗೆ ಸಹಿ ಹಾಕುತ್ತೇನೆ. ಪಂಪು ನೀರೆತ್ತುತ್ತದೆ, ಯಾರಿಗೂ ಬೇಕಾದಷ್ಟಲ್ಲ, ಅಷ್ಟೆ.

ತೊಂದರೆ ಶುರುವಾದದ್ದು ಹೆಂಡತಿ ವಸಂತಿಗೆ ಅವಿನಾಶಿ ಎಂಬ ಊರಿನ ಒಂದು ಶಾಲೆಯಿಂದ ಮುಖ್ಯೋಪಾಧ್ಯಾಯಿನಿಯಾಗಲು ಕರೆ ಬಂದಾಗ. ಇಷ್ಟು ವರ್ಷ ಅವಳು ಮನೆಯ ಹತ್ತಿರದ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಅವಿನಾಶಿಗಾದರೆ ಆರೂಮುಕ್ಕಾಲರ ಬಸ್ಸು ಹಿಡಿಯಬೇಕು. ಎಂದರೆ ಬೆಳಗಿನ ಅಡುಗೆಮನೆಗೆ ಬೇರೆ ಯಾರಾದರೂ ಬೇಕು. ಮನೆಯಲ್ಲಿರುವುದು ಮೂವರು: ಅವಳು, ಎಂಬತ್ತು ದಾಟಿದ ನನ್ನ ಮಾವ, ಮತ್ತು ನಾನು. ಗಣಿತ ಬಾರದವರಿಗೂ ಉತ್ತರ ಗೊತ್ತಾಗುತ್ತದೆ. ನಾನು ವಿರೋಧಿಸಲಿಲ್ಲ, ವಿರೋಧಿಸುವುದಕ್ಕೂ ಒಂದು ತೀರ್ಮಾನ ಬೇಕಲ್ಲ. ಮೂರು ವಾರ ‘ನೋಡೋಣ’ ಎಂದೆ. ಶನಿವಾರದೊಳಗೆ ಉತ್ತರ ಕೊಡದಿದ್ದರೆ ಶಾಲೆಯವರು ಬೇರೆಯವರನ್ನು ತೆಗೆದುಕೊಳ್ಳುವವರಿದ್ದರು.

ಇಲ್ಲಿ ಮಾವನ ಬಗ್ಗೆ ಹೇಳಬೇಕು. ಕುರಿಚಿಯ ಒಂದು ಫೌಂಡ್ರಿಯಲ್ಲಿ ಎಂಜಿನಿಯರಾಗಿದ್ದವರು. ಎಪ್ಪತ್ತರ ದಶಕದ ಕೊನೆಗೆ ಎರಕದ ಕೆಲಸ ಕಲಿಯಲೆಂದು ಅವರನ್ನು ಸೋವಿಯತ್ ದೇಶದ ಡೊನೆಟ್ಸ್ಕ್ ಎಂಬ ಊರಿಗೆ ಎಂಟು ತಿಂಗಳು ಕಳಿಸಿದ್ದರು. ಅಲ್ಲಿ ಎರಕದ ಬಗ್ಗೆ ಏನು ಕಲಿತರೋ, ನಾನು ಕೇಳಿಲ್ಲ. ಕೇಳಿದ್ದೆಲ್ಲ ಫುಟ್‌ಬಾಲು. ಅಲ್ಲಿನ ಮೇಲಿನ ದರ್ಜೆಯ ಲೀಗು ವಸಂತದಲ್ಲಿ ಶುರುವಾಗಿ ಚಳಿಯ ಹೊತ್ತಿಗೆ ಮುಗಿಯುತ್ತಿತ್ತಂತೆ. ಇಡೀ ಒಂದು ಋತುವನ್ನು ಇವರು ಫೋರ್ಮನ್ ಒಬ್ಬನ ಪಕ್ಕ ಕೂತು, ಸೂರ್ಯಕಾಂತಿ ಬೀಜ ಕಡಿಯುತ್ತ ನೋಡಿದರಂತೆ. ಕೆಲವು ಸಲ ಆ ಫೋರ್ಮನ್ನನ ಹೆಸರು ಇವಾನ್, ಕೆಲವು ಸಲ ಮಿಕೋಲ. ನೋಡಿದ ಪಂದ್ಯಗಳು ನಾನು ಮದುವೆಯಾದಾಗ ಹನ್ನೆರಡಿದ್ದವು, ಈಗ ಮೂವತ್ತು. ಜೂನ್ ತಿಂಗಳಲ್ಲಿ ಹಿಮ ಬಿದ್ದು ಚೆಂಡೇ ಕಾಣಿಸದ ಪಂದ್ಯವೂ ಒಂದಿದೆ. ನೀಟಾಗಿ ಮಡಿಸಿಟ್ಟ ನೆನಪುಗಳನ್ನು ಕಂಡರೆ ನನಗೆ ಅನುಮಾನ. ಮಾವನ ನೆನಪು ಹಾಗಲ್ಲ, ಪ್ರತಿ ಸಲವೂ ಹೊಸದಾಗಿ ಎರಕ ಹೊಯ್ದದ್ದು. ಅದಕ್ಕೇ ಇಷ್ಟಪಟ್ಟು ಕೇಳುತ್ತಿದ್ದೆ, ಒಂದು ಮಾತನ್ನೂ ನಂಬದೆ.

ಬುಧವಾರ ಸಂಜೆ ಕಾಫಿ ಕುಡಿಯುತ್ತಿದ್ದೆವು. ಮಾತು ಹೀಗೇ ನಡೆಯಿತೆಂದು ಆಣೆ ಮಾಡಲಾರೆ; ನನ್ನ ನೆನಪಿನಲ್ಲಿ ನಾನು ಯಾವಾಗಲೂ ಸ್ವಲ್ಪ ಹೆಚ್ಚು ಜಾಣನಾಗಿರುತ್ತೇನೆ. ವಸಂತಿ ಮತ್ತೆ ಅವಿನಾಶಿಯ ಮಾತೆತ್ತಿದಳು. ನಾನು ‘ನೋಡೋಣ’ ಎಂದೆ. ಮಾವ ಲೋಟ ಕೆಳಗಿಟ್ಟರು. ಆ ಲೀಗಿನಲ್ಲಿ ತಂಡಗಳು ಸುಮ್ಮನೆ ಸಮ ಮಾಡಿಕೊಂಡು ಪಾಯಿಂಟು ಹಂಚಿಕೊಳ್ಳುವುದು ಹೆಚ್ಚಾಯಿತಂತೆ. ಅದಕ್ಕೆ ಒಂದು ನಿಯಮ ತಂದರಂತೆ: ಒಂದು ಋತುವಿನಲ್ಲಿ ಎಂಟು ಡ್ರಾಗಳಿಗೆ ಮಾತ್ರ ಪಾಯಿಂಟು. ಭಾಷೆ ಬಾರದ ಮಾವನಿಗೆ ಫೋರ್ಮನ್ ಎಂಟು ಬೆರಳು ತೋರಿಸಿ, ಆಮೇಲೆ ಎರಡೂ ಮುಷ್ಟಿ ಮುಚ್ಚಿ ಇದನ್ನು ತಿಳಿಸಿದನಂತೆ.

“ಒಂಬತ್ತನೇ ಡ್ರಾಗೆ ಪಾಯಿಂಟ್ ಕಿಡಯಾದು, ಮಾಪಿಳ್ಳೆ,” ಎಂದರು ಮಾವ. ತಲೆಮಾರುಗಳಿಂದ ಕೊಯಮತ್ತೂರಿನಲ್ಲೇ ಇರುವ ಈ ಮನೆಯವರ ಕನ್ನಡದಲ್ಲಿ, ಇಲ್ಲ ಎಂಬುದನ್ನು ಖಡಾಖಂಡಿತವಾಗಿ ಹೇಳಬೇಕಾದಾಗ ತಮಿಳು ಬರುತ್ತದೆ. ಅಳಿಯನನ್ನು ಅಳಿಯ ಎನ್ನುವುದೂ ತಮಿಳಿನಲ್ಲೇ.

ನಾನು ನಕ್ಕೆ. ನನ್ನದು ಇನ್ನೂ ಎಂಟಾಗಿಲ್ಲ ಎಂದೆ. ಮಾವ ಕ್ಯಾಲೆಂಡರಿನ ಹಳೆಯ ಹಾಳೆ ಹರಿದು ಹಿಂಬದಿಯಲ್ಲಿ ಬರೆಯತೊಡಗಿದರು, ತಮಿಳು ಅಕ್ಷರದಲ್ಲಿ. ಕನ್ನಡ ಮಾತಾಡುತ್ತಾರೆ, ಓದಲು ಬರೆಯಲು ಬಾರದು. (ಇದನ್ನು ನಾನು ಇಷ್ಟು ಧೈರ್ಯವಾಗಿ ಬರೆಯುತ್ತಿರುವುದೂ ಅದಕ್ಕೇ.) ಪರದೆ, ಟಿವಿ, ಊಟಿ ಎಂದು ವಸಂತಿ ನೆನಪಿಸುತ್ತ ಹೋದಳು. ಎಂಟು ತುಂಬಲು ಒಂದು ಲೋಟ ಕಾಫಿ ಮುಗಿಯುವಷ್ಟು ಹೊತ್ತೂ ಬೇಕಾಗಲಿಲ್ಲ. ನಾನೇ ಉತ್ಸಾಹದಿಂದ, ಇನ್ನೂ ಎರಡು ಬಿಟ್ಟುಹೋದವು ಎಂದೆ. ಹಿಂದೆ ಎರಡು ಸಲ ಇಂಥದೇ ಬಡ್ತಿ ಅವಳ ಮುಂದೆ ಬಂದು, ನಾನು ನೋಡುತ್ತಿರುವಾಗಲೇ ದಾಟಿಹೋಗಿತ್ತು.

ಮಾವ ಪೆನ್ನು ಎತ್ತಿದರು. “ಅವು ಡ್ರಾ ಅಲ್ಲ. ಅದ್ರಲ್ಲಿ ಇವ್ಳು ಸೋತಿದಾಳೆ.”

ವಸಂತಿ ಲೋಟಗಳನ್ನು ತೆಗೆದುಕೊಂಡು ಎದ್ದಳು. “ಏನುಂಗ, ನಾನು ಅನುಮತಿ ಕೇಳ್ತಾ ಇಲ್ಲ. ಬೆಳಿಗ್ಗೆ ಐದಕ್ಕೆ ಏಳ್ತೀರಾ ಅಂತ ಕೇಳ್ತಾ ಇದೀನಿ. ಅಷ್ಟೆ.”

ಮಾರನೇ ದಿನ ಆಫೀಸಿನಲ್ಲಿ ನಾನು ಮಾಡಿದ ಕೆಲಸವನ್ನು ಗಂಡಸೆನಿಸಿಕೊಂಡವನು ಹೇಳಿಕೊಳ್ಳಬಾರದು. ಹೆಂಡತಿಯ ಪ್ರಶ್ನೆಗೆ ಉತ್ತರ ಹುಡುಕುವ ಬದಲು ಮಾವನ ನಿಯಮ ಸುಳ್ಳೆಂದು ಸಾಬೀತು ಮಾಡಲು ಕಂಪ್ಯೂಟರಿನ ಮುಂದೆ ಕೂತೆ. ಶುರು ಚೆನ್ನಾಗಿಯೇ ಇತ್ತು. ಅವರ ಡೊನೆಟ್ಸ್ಕ್ ತಂಡ ಲೀಗು ಗೆದ್ದಿತೆಂದು ಮಾವ ಹೇಳುತ್ತಿದ್ದರು, ಗೆದ್ದಿರಲಿಲ್ಲ. ಐದು ಗೋಲು ಹೊಡೆದ ಪಂದ್ಯವೆಂದು ಅವರು ಬಣ್ಣಿಸುವುದು ಎಲ್ಲಿಯೂ ಸಿಗಲಿಲ್ಲ. ಜೂನ್ ತಿಂಗಳಲ್ಲಿ ಅಲ್ಲಿ ಒಳ್ಳೆಯ ಬಿಸಿಲಂತೆ. ಒಂದೊಂದು ಸುಳ್ಳು ಸಿಕ್ಕಾಗಲೂ ನನ್ನ ಬೆಳಗಿನ ನಿದ್ದೆ ಹತ್ತತ್ತು ನಿಮಿಷ ಉಳಿದಂತೆ ಅನಿಸುತ್ತಿತ್ತು. ಕೊನೆಗೆ ಆ ನಿಯಮ ಸಿಕ್ಕಿತು. ಅದು ನಿಜ. ಎಂಟು ಎಂಬುದೂ ನಿಜ. ಅವರ ಇಡೀ ಋತುವಿನಲ್ಲಿ ಎಲ್ಲಕ್ಕಿಂತ ನಂಬಲಾಗದ ಸಂಗತಿ, ಅದೊಂದೇ ಸರಿ. ಮನೆಗೆ ಬಂದು ಲೀಗು ಗೆಲ್ಲದ ವಿಷಯವನ್ನಾದರೂ ಹೇಳಿ ಸಮಾಧಾನಪಟ್ಟುಕೊಳ್ಳೋಣವೆಂದರೆ, ಮಾವ ತಣ್ಣಗೆ, ಕಂಪ್ಯೂಟರು ಬೇರೆ ಸ್ಟೇಡಿಯಮ್ಮಿನಲ್ಲಿ ಕೂತಿತ್ತೇನೋ ಎಂದುಬಿಟ್ಟರು.

ಶುಕ್ರವಾರ ಸಂಜೆ ವಸಂತಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ನಾನು ಎದುರು ನಿಂತು, ನೀನು ಅವಿನಾಶಿಗೆ ಹೋಗು, ನಾನು ಐದಕ್ಕೆ ಏಳುತ್ತೇನೆ ಎಂದೆ. ಇಷ್ಟು ಹೇಳಲು ನನಗೆ ಬೆವರು ಬಂದಿತ್ತು. ಅವಳು ಕನ್ನಡಕದ ಮೇಲಿನಿಂದ ನೋಡಿದಳು.

“ಉತ್ತರ ಸರಿ,” ಎಂದಳು. “ಸ್ಟೆಪ್ಸ್ ಹೇಳಿ.”

ಹೇಳಿದೆ. ಹಾಲು ಕಾಯಿಸುವುದು, ಡಿಕಾಕ್ಷನ್ ಇಳಿಸುವುದು, ಅಕ್ಕಿ ಬೇಳೆ ತೊಳೆಯುವುದು, ಮಾವನ ಮಾತ್ರೆ. ಎರಡು ಕಡೆ ತಿದ್ದಿದಳು, ಒಂದು ಕಡೆ ನಕ್ಕಳು. ಆಮೇಲೆ ಕೈಯಲ್ಲಿದ್ದ ಕೆಂಪು ಪೆನ್ನಿನಿಂದಲೇ ಶಾಲೆಯ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಲು ಹೋಗಿ, ನಿಲ್ಲಿಸಿ, ನೀಲಿ ಪೆನ್ನು ಹುಡುಕಿದಳು. ಅಷ್ಟು ಆತುರ ಅವಳೊಳಗೆ ಇತ್ತೆಂಬುದು ಇಪ್ಪತ್ತೆರಡು ವರ್ಷ ಜೊತೆಗಿದ್ದ ನನಗೆ ಅಂದು ಗೊತ್ತಾಯಿತು.

ಅವಳ ಮೊದಲ ದಿನ ಡಬ್ಬಿಗೆ ಸಾಂಬಾರ್ ಅನ್ನ ಮಾಡುವುದೆಂದಾಗಿತ್ತು. ಅಕ್ಕಿ, ನೆನೆಸದ ಬೇಳೆ, ತರಕಾರಿ ಎಲ್ಲ ಕುಕ್ಕರಿಗೆ ಹಾಕಿದೆ. ಎಷ್ಟು ಕೂಗು ಬೇಕೆಂದು ಅವಳನ್ನು ಕೇಳಲು ಮಾನ ಬಿಡಲಿಲ್ಲ. ಮಾವ ಮೂರು ಎಂದರು. ಫೋನಿನ ವಿಡಿಯೋದಲ್ಲಿದ್ದ ಹೆಂಗಸು ಐದು ಎಂದಳು. ನಾನು ನಾಲ್ಕಕ್ಕೆ ಒಲೆ ಆರಿಸಿದೆ. ವಸಂತಿ ಹೊಸ ಸೀರೆ ಉಟ್ಟು, ಡಬ್ಬಿ ಹಿಡಿದು, ತಿರುಗಿಯೂ ನೋಡದೆ ಬಸ್ಸಿಗೆ ಓಡಿದಳು. ಮಧ್ಯಾಹ್ನ ಅವಿನಾಶಿಯಿಂದ ಫೋನ್ ಬಂತು. ಹಿಂದೆ ಮಕ್ಕಳ ಗದ್ದಲ. ಅವಳ ದನಿಯಲ್ಲಿ ನಾನು ಈವರೆಗೆ ಕೇಳದ ಒಂದು ಗೆಲುವು. ಅನ್ನ ಮುದ್ದೆಯಾಗಿದೆ, ಬೇಳೆ ಕಲ್ಲಿನಂತಿದೆ, ಏನು ಮಾಡಿದಿರಿ ಎಂದು ಕೇಳಿದಳು. ಮೂರೂ ಐದೂ ಸೇರಿಸಿ ನಾಲ್ಕು ಮಾಡಿದ್ದನ್ನು ಒಪ್ಪಿಕೊಂಡೆ.

“ಇದು ನೀವು ಸೋತದ್ದು,” ಎಂದಳು. “ನಾಳೆ ಐದು ಕೂಗು.”

ನಾಲ್ಕೂವರೆ ಸಾಲದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪುಣ್ಯಕ್ಕೆ, ಏನೇನೋ ಯಂತ್ರ ತಯಾರಿಸುವ ನಮ್ಮ ಕೊಯಮತ್ತೂರಿನಲ್ಲೂ ಅರ್ಧ ಕೂಗುವ ಕುಕ್ಕರನ್ನು ಇನ್ನೂ ಯಾರೂ ತಯಾರಿಸಿಲ್ಲ.