ಅಡುಗೆಯವರು: ದಿ. ಶಿವಗಂಗಮ್ಮ

ಶಿವಗಂಗಮ್ಮ: ನಾನು ಯಾವಾಗ ಸತ್ತೆ, ಅದನ್ನ ಹೇಳ್ರಿ ಮೊದ್ಲು.

ಕಲ್ಲೇಶಪ್ಪ: ಊಟದ ಹೊತ್ನಾಗೆ ಅಂಥ ಮಾತು ಯಾಕೆ ಆಡ್ತೀಯ?

ಶಿವಗಂಗಮ್ಮ: ಆಡ್ತಿರೋದು ನಾನಲ್ಲ. ಬಿಳಿಚೋಡಿಂದ ನಮ್ಮ ತಮ್ಮನ ಹೆಂಡ್ತಿ ನಿಮ್ಮನ್ನ ಕೇಳ್ಕೊಂಡು ಫೋನ್ ಮಾಡಿದ್ಲು. ನಾನು ಹಲೋ ಅಂದಿದ್ದಕ್ಕೆ ಕಿಟಾರನೆ ಕಿರುಚಿ ಇಟ್ಬಿಟ್ಲು. ಮತ್ತೆ ಮಾಡಿ, ಯಾರು ಮಾತಾಡೋದು ಅಂದ್ಲು. ನಾನೇ ಕಣೆ ಶಿವಗಂಗಿ ಅಂದ್ರೆ, ಸತ್ತೋರ ಹೆಸರಾಗೆ ತಮಾಷೆ ಮಾಡಬ್ಯಾಡ್ರಿ ಅಂತ ನಂಗೇ ಬುದ್ಧಿ ಹೇಳಿದ್ಲು. ವೆಬ್‌ಸೈಟ್‌ನಾಗೆ ನೀವೇ ಹಾಕೀರಂತೆ.

ಜಗಳೂರು ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿರುವ ಗಂಗಾ ರೊಟ್ಟಿ ಖಾನಾವಳಿಯಲ್ಲಿ ಮಧ್ಯಾಹ್ನದ ಜನ ಆಗಷ್ಟೇ ಕರಗಿದ್ದರು. ಗಲ್ಲಾದಲ್ಲಿ ಕೂತಿದ್ದ ಕಲ್ಲೇಶಪ್ಪ ಕೈಯಲ್ಲಿದ್ದ ಫೋನನ್ನು ಮೆಲ್ಲಗೆ ಅಂಗಿ ಜೇಬಿಗೆ ಇಳಿಸಿದ. ಖಾನಾವಳಿಗೆ ವೆಬ್‌ಸೈಟ್ ಆಗಿ ಇನ್ನೂ ವಾರ ತುಂಬಿರಲಿಲ್ಲ. ಎದುರಿನ ಕಂಪ್ಯೂಟರ್ ಸೆಂಟರಿನ ವಾಣಿಶ್ರೀ ಮಾಡಿಕೊಟ್ಟು, ನಡೆಸುವ ಬಗೆಯನ್ನೂ ಹೇಳಿಕೊಟ್ಟಿದ್ದಳು. ಗಿರಾಕಿ ನೋಡುವ ಹಾಗೇ ಪುಟ ನೋಡುತ್ತಾ ಹೋಗುವುದು, ಸರಿಯಿಲ್ಲ ಅನ್ನಿಸಿದ ಸಾಲಿನ ಪಕ್ಕದ ಪೆನ್ಸಿಲ್ ಮುಟ್ಟುವುದು, ಅಲ್ಲೇ ತಿದ್ದಿ ಹಸಿರು ಗುರುತು ಒತ್ತುವುದು. ಇಂಥ ಸುಖ ಕಲ್ಲೇಶಪ್ಪನಿಗೆ ಹಿಂದೆಂದೂ ಸಿಕ್ಕಿರಲಿಲ್ಲ. ಮನೆಯಲ್ಲಿ ಅವನು ಆಡಿದ ಯಾವ ಮಾತೂ ತಿದ್ದುಪಡಿಯಿಲ್ಲದೆ ಉಳಿದದ್ದಿಲ್ಲ. ಇಲ್ಲಿ ತಿದ್ದುವವನು ಅವನೇ. ಬೆಳಗಿನಿಂದ 'ಬಿಸಿ ರೊಟ್ಟಿ'ಯನ್ನು 'ಬಿಸಿ ಬಿಸಿ ರೊಟ್ಟಿ' ಮಾಡಿ, ಸಾಲದೆನಿಸಿ ಮತ್ತೊಂದು ಬಿಸಿ ಸೇರಿಸಿದ್ದ.

ಶಿವಗಂಗಮ್ಮ: ಜೇಬಿಂದ ತೆಗೀರಿ. ನನ್ನ ಹೆಸರಿರೋ ಸಾಲು ಓದ್ರಿ.

ಕಲ್ಲೇಶಪ್ಪ: 'ಅಡುಗೆಯವರು: ದಿ. ಶಿವಗಂಗಮ್ಮ.' ಇದ್ರಾಗೆ ಏನೈತೆ ತಪ್ಪು?

ಶಿವಗಂಗಮ್ಮ: ದಿ ಅಂದ್ರೆ ಏನು?

ಕಲ್ಲೇಶಪ್ಪ: ಇಂಗ್ಲೀಷು. ದಿ ಗ್ರೇಟ್, ದಿ ಬೆಸ್ಟ್ ಅಂತಾರಲ್ಲ, ಅದು. ದಾವಣಗೆರೆಯಾಗೆ ದೊಡ್ಡ ದೊಡ್ಡ ಹೋಟೆಲ್ ಬೋರ್ಡ್ ನೋಡು, ದಿ ಅಂತಾನೇ ಶುರುವಾಗ್ತವೆ.

ಶಿವಗಂಗಮ್ಮ: ಚುಕ್ಕಿ ಯಾಕೆ ಇಟ್ರಿ?

ಕಲ್ಲೇಶಪ್ಪ: ಡಾಕ್ಟ್ರ ಹೆಸರಿಗೆ ಡಾ ಅಂತ ಹಾಕಿ ಚುಕ್ಕಿ ಇಡಲ್ವಾ? ಮರ್ಯಾದೆಗೆ.

ಶಿವಗಂಗಮ್ಮ: ನಿಮ್ಮಪ್ಪನ ಸಮಾಧಿ ಕಲ್ಲಿನ ಮ್ಯಾಲೆ ಏನಂತ ಕೆತ್ತವ್ರೆ, ಜ್ಞಾಪಕ ಮಾಡ್ಕಳ್ರಿ.

ಕಲ್ಲೇಶಪ್ಪ ಜ್ಞಾಪಿಸಿಕೊಂಡ. ಆ ಕಲ್ಲಿನ ಮೇಲೂ ಹೆಸರಿನ ಮುಂದೆ ಒಂದು ದಿ, ಒಂದು ಚುಕ್ಕಿ ಇತ್ತು.

ಕಲ್ಲೇಶಪ್ಪ: ಅದೂ ಮರ್ಯಾದೆಗೇ ಅಂದ್ಕಂಡಿದ್ದೆ.

ಶಿವಗಂಗಮ್ಮ: ದಿವಂಗತ ಅಂತ ರೀ ಅದು.

ಕಲ್ಲೇಶಪ್ಪ: ಇರ್ಲಿ ಬಿಡು, ಯಾರು ನೋಡ್ತಾರೆ. ನಾನು ತಿದ್ದಿದ್ದು ಮೊದ್ಲು ವಾಣಿಶ್ರೀಗೆ ಹೋಗ್ತೈತೆ. ಅವಳು ಓದಿ ಪಾಸ್ ಮಾಡಿದ ಮ್ಯಾಲೇನೇ ಜನಕ್ಕೆ ಕಾಣೋದು.

ಅಷ್ಟರಲ್ಲಿ ಗಲ್ಲಾದ ಮೇಲಿದ್ದ ಖಾನಾವಳಿಯ ಫೋನ್ ಬಡಿದುಕೊಂಡಿತು. ನ್ಯಾಮತಿಯ ಗುರುಸ್ವಾಮಿ. ಭಾನುವಾರ ಅವರ ಮಗಳ ನಿಶ್ಚಿತಾರ್ಥಕ್ಕೆ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಎಲ್ಲ ಇಲ್ಲಿಂದಲೇ ಹೋಗಬೇಕಿತ್ತು. ಖಾನಾವಳಿಗೆ ಅಷ್ಟು ದೂರದಿಂದ ಬಂದ ಮೊದಲ ದೊಡ್ಡ ಆರ್ಡರು ಅದು. ಕಲ್ಲೇಶಪ್ಪ ಎತ್ತಿ ಸ್ಪೀಕರಿಗೆ ಹಾಕಿದ.

ಗುರುಸ್ವಾಮಿ: ನಿಮ್ಮ ವೆಬ್‌ಸೈಟ್‌ನಾಗೆ ವಿಷಯ ನೋಡಿದ್ವಿ ಯಜಮಾನ್ರೆ. ಬಾಳ ಬ್ಯಾಸರ ಆತು. ಇಂಥ ಹೊತ್ನಾಗೆ ನಿಮಗೆ ತೊಂದ್ರೆ ಕೊಡಲ್ಲ, ರೊಟ್ಟಿ ಬೇರೆ ಕಡೆ ಹೇಳ್ಕಂತೀವಿ.

ಶಿವಗಂಗಮ್ಮ: ಬೇರೆ ಕಡೆ ಯಾಕ್ರೀ? ನಾನೇ ಶಿವಗಂಗಮ್ಮ ಮಾತಾಡೋದು.

ಗುರುಸ್ವಾಮಿ: ಸೊಸೇರೇನಮ್ಮ? ಅವರದೇ ಹೆಸರು ನಿಮಗೂ ಇಟ್ಟವ್ರಾ? ಧೈರ್ಯ ತಗಳ್ರಿ ತಾಯಿ.

ಶಿವಗಂಗಮ್ಮ: ನನಗೆ ಸೊಸೇನೇ ಇಲ್ಲ.

ಗುರುಸ್ವಾಮಿ: ದುಃಖದಾಗೆ ಹಂಗೇ ಅನ್ಸುತ್ತೆ.

ಶಿವಗಂಗಮ್ಮ: ಕೇಳ್ರಿ ಇಲ್ಲಿ. ಹೋದ ವಾರ ಬಂದು ತಿಂದು ನೋಡಿ, ರೊಟ್ಟಿ ಇನ್ನಷ್ಟು ತೆಳ್ಳಗೆ ಬರಬೇಕು ಅಂದಿದ್ದು ನೀವೇ ಅಲ್ವಾ? ಇದಕ್ಕಿಂತ ತೆಳ್ಳಗೆ ಬೇಕಂದ್ರೆ ಪೇಪರ್ ಹಂಚ್ರಿ ಬೀಗರಿಗೆ ಅಂತ ನಾನು ಅನ್ಲಿಲ್ವಾ?

ಆ ಕಡೆಯಿಂದ ನಗು ಕೇಳಿಸಿತು.

ಗುರುಸ್ವಾಮಿ: ಈಗ ನಂಬಿಕೆ ಬಂತಮ್ಮ. ಆರ್ಡರ್ ಹಂಗೇ ಇರ್ಲಿ.

ಫೋನ್ ಇಟ್ಟ ಮೇಲೆ ಶಿವಗಂಗಮ್ಮ ಗಂಡನ ಕಡೆ ನೋಡಿದ ನೋಟಕ್ಕೆ ಅವನು ವಾಣಿಶ್ರೀಗೆ ಫೋನ್ ಹಚ್ಚಿದ. ಅವಳು ಯಾವುದೋ ಕೆಲಸದ ಮೇಲೆ ಹೊನ್ನಾಳಿಗೆ ಹೋಗಿದ್ದಳು.

ವಾಣಿಶ್ರೀ: ನಾನ್ಯಾಕೆ ಪಾಸ್ ಮಾಡ್ಲಿ ಅಂಕಲ್? ನೀವು ಹಸಿರು ಗುರುತು ಒತ್ತಿದ ಕೂಡ್ಲೇ ಲೋಕಕ್ಕೆಲ್ಲ ಕಾಣ್ತದೆ. ಅವತ್ತೇ ಹೇಳಿದ್ನಲ್ಲ.

ಕಲ್ಲೇಶಪ್ಪ: ಲೋಕ ಅಂದ್ರೆ ಎಷ್ಟು ದೂರ?

ವಾಣಿಶ್ರೀ: ಪೂರ್ತಿ. ಈಗ ಗಾಬರಿ ಆಗಬ್ಯಾಡ್ರಿ. ಮ್ಯಾಲೆ ಗಡಿಯಾರದ ಚಿತ್ರ ಐತಲ್ಲ, ಅದನ್ನ ಮುಟ್ಟಿ. ಹಳೇ ಪುಟಗಳೆಲ್ಲ ಸಾಲಾಗಿ ಬರ್ತವೆ. ನಿನ್ನೇದು ಆರಿಸಿ ಒತ್ತಿದ್ರೆ ನಿನ್ನೆ ಹೆಂಗಿತ್ತೋ ಹಂಗೇ ಆಗ್ತದೆ.

ಕಲ್ಲೇಶಪ್ಪ ಗಡಿಯಾರ ಮುಟ್ಟಿದ. ಸಾಲು ಬಂತು. ನಿನ್ನೆಯದೂ ತಾನೇ ತಿದ್ದಿದ್ದು, ಮೊನ್ನೆಯದೂ ತಾನೇ ತಿದ್ದಿದ್ದು. ಯಾವುದರಲ್ಲಿ ಇನ್ನೇನು ಎಡವಟ್ಟಿದೆಯೋ ಎಂದು ಹೆದರಿ, ಎಲ್ಲಕ್ಕಿಂತ ಕೆಳಗಿದ್ದ ಮೊಟ್ಟಮೊದಲನೆಯದನ್ನು ಒತ್ತಿಬಿಟ್ಟ. ವಾಣಿಶ್ರೀ ಇನ್ನೂ ಏನನ್ನೂ ತುಂಬಿರದ ಖಾಲಿ ಪುಟ ಅದು.

ಶಿವಗಂಗಮ್ಮ: ನಾನು ಬದುಕಿದ್ನಾ?

ಕಲ್ಲೇಶಪ್ಪ: ಸತ್ತಿಲ್ಲ, ಅಷ್ಟು ಹೇಳಬಲ್ಲೆ.

ಶಿವಗಂಗಮ್ಮ: ಓದ್ರಿ.

ಕಲ್ಲೇಶಪ್ಪ: 'ಇಲ್ಲಿ ಅಡುಗೆಯವರ ಹೆಸರು ಬರೆಯಿರಿ. ಇಲ್ಲಿ ಮಾಲೀಕರ ಹೆಸರು ಬರೆಯಿರಿ.'

ಶಿವಗಂಗಮ್ಮ: ಬೆಳಗ್ಗೆ ಸಾಯಿಸಿದ್ರಿ, ಈಗ ನನ್ನ ಜಾಗಕ್ಕೆ ಬೇರೆಯೋರನ್ನ ಕರೀತಿದೀರಿ. ಕೊಡ್ರಿ ಇಲ್ಲಿ.

ಅವಳು ಸೆರಗಿಗೆ ಕೈ ಒರೆಸಿಕೊಂಡು ಫೋನು ಕಿತ್ತುಕೊಂಡಳು. ಒಂದು ಬೆರಳಿನಿಂದ ಒಂದೊಂದೇ ಅಕ್ಷರ ಹುಡುಕಿ ಒತ್ತತೊಡಗಿದಳು. ಮೊದಲು ಮುಖ ಗಂಟಾಗಿತ್ತು. ಹಸಿರು ಗುರುತು ಒತ್ತಿದಾಗ ತನ್ನ ಹೆಸರು ಗಟ್ಟಿಯಾಗಿ ಕೂತದ್ದು ಕಂಡು ಗಂಟು ಸಡಿಲವಾಯಿತು. ಇನ್ನೊಂದು ಪೆನ್ಸಿಲ್ ಮುಟ್ಟಿದಳು. ಕಲ್ಲೇಶಪ್ಪ ಬಗ್ಗಿ ನೋಡಿದ.

ಕಲ್ಲೇಶಪ್ಪ: ಮಾಲೀಕರ ಜಾಗದಾಗೂ ನಿನ್ನ ಹೆಸರೇ ಹಾಕೀಯಲ್ಲೇ.

ಶಿವಗಂಗಮ್ಮ: ಬೋರ್ಡಿನ ಮ್ಯಾಲೆ ಗಂಗಾ ಅಂತ ಯಾರ ಹೆಸರೈತೆ?

ಕಲ್ಲೇಶಪ್ಪ: ಅದು ನದಿ ಹೆಸರು ಅಂತ ಇಟ್ಟಿದ್ದೆ.

ಶಿವಗಂಗಮ್ಮ: ಏನಂದ್ರಿ?

ಕಲ್ಲೇಶಪ್ಪ: ನಿನ್ನ ಹೆಸರೇ ಅಂದೆ. ನನಗೂ ಎಲ್ಲಾದ್ರೂ ಒಂದು ಜಾಗ ಕೊಡು.

ಶಿವಗಂಗಮ್ಮ: ಕೊಟ್ಟೀನಿ, ಕೆಳಗೆ ನೋಡ್ರಿ. 'ದೂರುಗಳಿದ್ದರೆ: ಕಲ್ಲೇಶಪ್ಪ.'

ಅವನು ಎದುರಾಡುವಷ್ಟರಲ್ಲಿ ಓಣಿಯ ತುದಿಯಿಂದ ಅಳು ಕೇಳಿಸಿತು. ಅಳುತ್ತಾ ಬರುತ್ತಿದ್ದವಳು ಅವನ ಅಕ್ಕ, ಸೊಕ್ಕೆಯ ಭೀಮಕ್ಕ. ಒಂದು ಕೈಯಲ್ಲಿ ಸೇವಂತಿಗೆ ಹಾರ, ಇನ್ನೊಂದರಲ್ಲಿ ಚೀಲ. ಅಕ್ಕ ಈ ಹೊಸ್ತಿಲು ತುಳಿದು ವರ್ಷಗಳೇ ಆಗಿದ್ದವು. ಯಾವುದೋ ಮದುವೆಯ ಪಂಕ್ತಿಯಲ್ಲಿ ಅವಳು ಶಿವಗಂಗಮ್ಮನ ಎಣ್ಣೆಗಾಯಿಗೆ ಕೈ ಹಚ್ಚದೆ ಎಲೆಯ ತುದಿಗೆ ಸರಿಸಿದ್ದೇ ನೆಪವಾಗಿ ಅತ್ತಿಗೆ ನಾದಿನಿ ಮಾತು ಬಿಟ್ಟಿದ್ದರು. ನಡುವೆ ನಿಂತು ಸೋತು, ಅವನು ಅಕ್ಕನ ಮನೆಗೆ ಒಬ್ಬನೇ ಹೋಗಿಬರುವುದನ್ನು ರೂಢಿ ಮಾಡಿಕೊಂಡಿದ್ದ.

ಭೀಮಕ್ಕ: ಅಯ್ಯೋ ನಮ್ಮ ಶಿವಗಂಗೀ, ಎಂಥ ಕೈ ನಿಂದು, ಎಲ್ಲಿ ಮಲಗಿಸೀಯೋ ತಮ್ಮಾ ಅವಳನ್ನ.

ಶಿವಗಂಗಮ್ಮ: ಬರ್ರಿ ಅತ್ತಿಗೆ. ಕುಂದ್ರಿ.

ಭೀಮಕ್ಕನ ಅಳು ಅರ್ಧಕ್ಕೇ ನಿಂತಿತು. ಅವಳು ಶಿವಗಂಗಮ್ಮನನ್ನು ನೋಡಿದಳು, ತಮ್ಮನನ್ನು ನೋಡಿದಳು, ಹಾರವನ್ನು ನೋಡಿದಳು.

ಭೀಮಕ್ಕ: ಇವಳು ಇದಾಳಲ್ಲೋ.

ಕಲ್ಲೇಶಪ್ಪ: ಇದಾಳಕ್ಕ. ಒಂದು ಚುಕ್ಕಿ ಹೆಚ್ಚಾಗಿತ್ತು.

ಭೀಮಕ್ಕ: ಊರಿನ ವಾಟ್ಸಾಪಿನಾಗೆ ಇವಳ ಫೋಟೋಕ್ಕೆ ದೀಪ ಹಚ್ಚವ್ರಲ್ಲೋ. ನಾನು ಉಟ್ಟ ಸೀರೆಯಾಗೇ ಬಸ್ ಹತ್ತಿದೆ.

ಅವಳು ಬೆಂಚಿನ ಮೇಲೆ ಕುಸಿದಳು. ಶಿವಗಂಗಮ್ಮ ನೀರು ತಂದುಕೊಟ್ಟು ಪಕ್ಕದಲ್ಲೇ ಕೂತಳು. ಭೀಮಕ್ಕ ಕುಡಿದು ಮುಗಿಸುವವರೆಗೆ ಅವಳ ಹಾರ, ಚೀಲ ತಾನೇ ಹಿಡಿದುಕೊಂಡಳು. ಕಲ್ಲೇಶಪ್ಪ ತನ್ನ ತಪ್ಪಿಗೆ ಹೆಮ್ಮೆಪಡಬಹುದೋ ಬಾರದೋ ತಿಳಿಯದೆ ಗಲ್ಲಾದ ಹಿಂದೆ ಸರಿದು ನಿಂತ.

ಶಿವಗಂಗಮ್ಮ: ಅವಳು ಹೋದ್ರೆ ಹೋಗ್ಲಿ ಅಂತ ನೀವು ಅನ್ನಬಹುದಿತ್ತು. ಬಂದ್ರಲ್ಲ ಅತ್ತಿಗೆ.

ಭೀಮಕ್ಕ: ಬಂದಿದ್ದು ಹಾಳಾಗ್ಲಿ. ಸೊಕ್ಕೆಯಿಂದ ಇಲ್ಲೀತನಕ ಬಸ್ಸಿನಾಗೆ ಎಲ್ರ ಮುಂದೆ ನಿನ್ನ ಅಡುಗೇನ ಹೊಗಳ್ಕಂತಾ ಬಂದೀನಿ. ಕಂಡಕ್ಟರೂ ಕಣ್ಣೊರೆಸ್ಕಂಡ. ಈಗ ಆ ಮಾತು ವಾಪಸ್ ತಗಳಾಕೆ ಆ ಜನ ನಂಗೆಲ್ಲಿ ಸಿಕ್ತಾರೆ?

ಶಿವಗಂಗಮ್ಮ: ಹಂಗಾರೆ ಏನು ಮಾಡಾಣ?

ಭೀಮಕ್ಕ: ಏನು ಮಾಡೋದು, ಎಣ್ಣೆಗಾಯಿ ಹಾಕ್ಕಂಡು ಬಾ. ಹೇಳಿದ್ದು ಸುಳ್ಳೋ ನಿಜವೋ ತಿಂದಾದ್ರೂ ನೋಡ್ತೀನಿ.